ಮಂಡ್ಯದಲ್ಲಿ ಅನುಭವವಿರುವ ನರ್ಸ್‌ಗೆ ಯೋಗ್ಯ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಮೇಲೆ ಬೆಂಗಳೂರಿನ ಒಂದೇ ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊದಲ ಒಂದೂವರೆ ವರ್ಷ ಜನರಲ್ ವಾರ್ಡಿನಲ್ಲಿದ್ದೆ, ಅಲ್ಲಿಂದ ಈಚೆಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿ ಇದ್ದೇನೆ. ನಮ್ಮ ಯಜಮಾನರಿಗೆ ಮಂಡ್ಯದ ಒಂದು ಕಾಲೇಜಿನಲ್ಲಿ ಉಪನ್ಯಾಸಕರ ಕೆಲಸ ಸಿಕ್ಕಿರುವುದರಿಂದ ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವಷ್ಟರಲ್ಲಿ ನಾವು ಅಲ್ಲಿಗೆ ಮನೆ ಬದಲಾಯಿಸಬೇಕಾಗಿದೆ. ಅತ್ತೆಯವರು ಪಾಂಡವಪುರದಲ್ಲಿದ್ದಾರೆ. ನಾಲ್ಕು ವರ್ಷದ ಮಗಳಿದ್ದಾಳೆ. ನನಗೆ ಈಗ 29 ತುಂಬಿದೆ.

ಇಲ್ಲಿ ನನ್ನ ಸಂಬಳ 31,000 ರೂಪಾಯಿ. ಕಳೆದ ಭಾನುವಾರ ಮಂಡ್ಯಕ್ಕೆ ಹೋಗಿ ಎರಡು ನರ್ಸಿಂಗ್ ಹೋಂಗಳಲ್ಲಿ ವಿಚಾರಿಸಿ ಬಂದೆ. ಮೊದಲನೆಯ ಕಡೆ ಕಚೇರಿಯಲ್ಲಿದ್ದವರು ನನ್ನ ಅನುಭವ ಪತ್ರವನ್ನು ಬಿಡಿಸಿಯೂ ನೋಡದೆ, "ಈಗ ತಾನೇ ಓದಿ ಮುಗಿಸಿದ ಹುಡುಗಿಯರು ಹನ್ನೆರಡು ಸಾವಿರಕ್ಕೆ ಬರುತ್ತಾರಮ್ಮ, ನೀವು ಅನುಭವದವರು ಎಂದು ಬೇಕಾದರೆ ಹದಿನೈದು ಮಾಡೋಣ" ಎಂದರು. ಎರಡನೆಯ ಕಡೆ ಹದಿನೇಳು ಸಾವಿರ ಹೇಳಿದರು, ಆದರೆ ಎರಡು ವರ್ಷದ ಬಾಂಡ್ ಬರೆದುಕೊಟ್ಟು ಮೂಲ ಅಂಕಪಟ್ಟಿಗಳನ್ನು ಅವರ ಬಳಿಯೇ ಇರಿಸಬೇಕೆಂದರು. ಬಸ್ಸಿನಲ್ಲಿ ಹಿಂದಿರುಗುವಾಗ ಮನಸ್ಸಿಗೆ ಬಹಳ ಬೇಸರವಾಯಿತು. ಅರ್ಧ ಸಂಬಳಕ್ಕೆ ಒಪ್ಪಿಕೊಳ್ಳಬೇಕೇ, ಮೈಸೂರಿಗೆ ದಿನವೂ ಓಡಾಡಬೇಕೇ, ಪಾಠ ಹೇಳುವ ಕಡೆಗೆ ಹೋಗಬೇಕೇ ಅಥವಾ ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸಬೇಕೇ ಎಂಬುದು ತಿಳಿಯುತ್ತಿಲ್ಲ. ಆ ಭಾಗದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ: ಹಳೆಯ ಇನ್‌ಚಾರ್ಜ್

ತಂಗಿ, ನಾನು ಮಂಡ್ಯದಲ್ಲೇ ವಾರ್ಡ್ ಇನ್‌ಚಾರ್ಜ್ ಆಗಿದ್ದು ನಿವೃತ್ತಳಾದವಳು. ನಿನಗೆ ಹೇಳಿದ ಹದಿನೈದು ಸಾವಿರದ ಮಾತು ನನಗೆ ಹೊಸದಲ್ಲ. ಅದು ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದುಕೊಂಡರೆ ಅದರಿಂದ ತಪ್ಪಿಸಿಕೊಳ್ಳುವ ದಾರಿಯೂ ಕಾಣುತ್ತದೆ.

ನಮ್ಮದು ಕಾಲೇಜುಗಳ ಊರು. ಎಂಜಿನಿಯರಿಂಗ್ ಕಾಲೇಜು 1962ರಿಂದ ಇದೆ, ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡ ವೈದ್ಯಕೀಯ ಕಾಲೇಜು, ಅಂದರೆ ನಾವು ಮಿಮ್ಸ್ ಎನ್ನುವುದು, ಬಂದು ಇಪ್ಪತ್ತು ವರ್ಷವಾಗುತ್ತ ಬಂತು. ಅತ್ತ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯವರ ವೈದ್ಯಕೀಯ ಕಾಲೇಜು ಇದೆ, ಇತ್ತ ಮೈಸೂರಂತೂ ಇದ್ದೇ ಇದೆ. ಇವುಗಳ ಸುತ್ತ ಬಿ.ಎಸ್ಸಿ. ಮತ್ತು ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಕಲಿಸುವ ನರ್ಸಿಂಗ್ ಕಾಲೇಜುಗಳು ಬೆಳೆದಿವೆ. ಪ್ರತಿ ವರ್ಷ ಒಂದೊಂದು ತಂಡ ಹೊರಗೆ ಬರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಒಂದು ಅನುಭವ ಪತ್ರ, ಏಕೆಂದರೆ ಅದಿಲ್ಲದೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಾಗಲಿ ಕೊಲ್ಲಿ ದೇಶಗಳಾಗಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಒಂದೆರಡು ವರ್ಷ ಎಷ್ಟು ಕೊಟ್ಟರೂ ಸರಿ ಎಂದು ಬರುತ್ತಾರೆ, ಪತ್ರ ಕೈಗೆ ಬಂದ ಕೂಡಲೇ ಹೋಗುತ್ತಾರೆ. ಅವರು ಹೋದ ಜಾಗಕ್ಕೆ ಮುಂದಿನ ತಂಡ ಕಾದು ನಿಂತಿರುತ್ತದೆ. ಇದಲ್ಲದೆ ಕಾಲೇಜಿನ ಜೊತೆ ಸಂಬಂಧವಿರುವ ಆಸ್ಪತ್ರೆಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಪೋಸ್ಟಿಂಗ್‌ಗೆ ಬಂದ ವಿದ್ಯಾರ್ಥಿನಿಯರೇ ಬಿ.ಪಿ., ಜ್ವರ, ನಾಡಿ ನೋಡಿ ಚಾರ್ಟ್ ತುಂಬುತ್ತಾರೆ, ಹಾಸಿಗೆ ಸರಿಮಾಡುತ್ತಾರೆ. ಹಗಲಿನ ವಾರ್ಡ್ ಕೆಲಸದ ಒಂದು ಭಾಗ ಸಂಬಳವಿಲ್ಲದೆ ನಡೆದುಹೋಗುತ್ತದೆ. ಇಂಥ ಊರಿನಲ್ಲಿ ಜನರಲ್ ವಾರ್ಡ್ ನರ್ಸ್ ಎಂದು ಹೇಳಿಕೊಂಡು ಹೋದರೆ ಆರು ವರ್ಷದ ಅನುಭವಕ್ಕೆ ಮೂರು ಸಾವಿರ ಹೆಚ್ಚು ಸಿಗುತ್ತದೆ, ಅಷ್ಟೇ. ನಿನಗೂ ಲೆಕ್ಕವಾಗಿ ಅಷ್ಟೇ ಹೇಳಿದ್ದಾರೆ ನೋಡು.

ಆದರೆ ನೀನು ಜನರಲ್ ವಾರ್ಡಿನವಳಲ್ಲ. ಎನ್‌ಐಸಿಯು, ಡಯಾಲಿಸಿಸ್, ಆಪರೇಷನ್ ಥಿಯೇಟರ್, ವೆಂಟಿಲೇಟರ್ ಇರುವ ಐಸಿಯು, ಇವುಗಳ ಮಾತೇ ಬೇರೆ. ಹೊಸಬರನ್ನು ಅಲ್ಲಿ ನಿಲ್ಲಿಸಿದರೆ ಆರು ತಿಂಗಳು ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕು, ಕಲಿತ ಮರುವರ್ಷ ಅವರು ಹಾರಿಹೋಗುತ್ತಾರೆ. ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ನಮ್ಮಲ್ಲಿ ಒಂದು ಕಿಲೋ ಇನ್ನೂರು ಗ್ರಾಂ ತೂಕದ ಮಗುವಿಗೆ ಹಾಕಿದ್ದ ಕ್ಯಾನುಲಾ, ಅಂದರೆ ನರದೊಳಗೆ ಔಷಧಿ ಬಿಡುವ ಸಣ್ಣ ಕೊಳವೆ, ಬಾವು ಬಂದು ತೆಗೆಯಬೇಕಾಯಿತು. ಡ್ಯೂಟಿಯಲ್ಲಿದ್ದ ಇಬ್ಬರು ಹುಡುಗಿಯರು ನೇರಳೆ ಬಣ್ಣದ 26 ಗೇಜ್ ಕ್ಯಾನುಲಾಗಳನ್ನು ಒಂದರ ಮೇಲೊಂದು ಹಾಳುಮಾಡಿದರು. ಮಗುವಿನ ಎರಡೂ ಕೈ, ಎರಡೂ ಪಾದ ನೀಲಿಗಟ್ಟಿದವು. ಕೊನೆಗೆ ಡಾಕ್ಟರು ರಾತ್ರಿ ಒಂದೂವರೆಗೆ ತಮ್ಮ ಕಾರನ್ನೇ ಕಳಿಸಿ, ಅಂದು ರಜೆಯಲ್ಲಿದ್ದ ಸಿಸ್ಟರ್ ಒಬ್ಬರನ್ನು ಗುತ್ತಲಿನ ಅವರ ಮನೆಯಿಂದ ಕರೆಸಿದರು. ಆಕೆ ಬಂದು ಕೈ ತೊಳೆದು, ಮಗುವಿನ ಪಾದವನ್ನು ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿದುಕೊಂಡು, ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ನರ ಹುಡುಕಿ, ಒಂದೇ ಸಲಕ್ಕೆ ಹಾಕಿದರು. ಮುಂದಿನ ತಿಂಗಳು ಅವರು ಸಂಬಳ ಹೆಚ್ಚಿಸಬೇಕೆಂದು ಕೇಳಿದಾಗ ಕಚೇರಿಯವರು ಎಂದಿನಂತೆ ಗೊಣಗಿದರು, ಆದರೆ ಡಾಕ್ಟರು ಒಂದು ಮಾತೂ ಆಡದೆ ಸಹಿ ಹಾಕಿದರು.

ಆದ್ದರಿಂದ ಅರ್ಜಿಯನ್ನು ಕಚೇರಿಯ ಕಿಟಕಿಯಲ್ಲಿ ಕೊಡಬೇಡ. ಮಕ್ಕಳ ತಜ್ಞರು ನಡೆಸುವ ಆಸ್ಪತ್ರೆ ಯಾವುದು, ಯಾರ ಬಳಿ ಮಗುವನ್ನು ಬೆಚ್ಚಗಿಡುವ ವಾರ್ಮರ್, ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್, ಕಾಮಾಲೆಗೆ ಬೆಳಕಿನ ಚಿಕಿತ್ಸೆ ಕೊಡುವ ಫೋಟೊಥೆರಪಿ ಇವೆ ಎಂದು ಮೊದಲು ವಿಚಾರಿಸು. ಆ ಡಾಕ್ಟರನ್ನೇ ಕಾಣು. ನೀನು ಎಷ್ಟು ತೂಕದವರೆಗಿನ ಮಕ್ಕಳನ್ನು ನೋಡಿಕೊಂಡಿದ್ದೀಯೆ, ವೆಂಟಿಲೇಟರ್ ಮೇಲಿದ್ದ ಮಗುವನ್ನು ಒಬ್ಬಳೇ ನಿಭಾಯಿಸಿದ್ದೀಯಾ, ಬಹುದಿನ ಔಷಧಿ ಕೊಡಲು ನರದೊಳಗೆ ಹಾಕುವ ಉದ್ದನೆಯ ಕೊಳವೆ, ಅಂದರೆ ಪಿಕ್ ಲೈನ್ ನೋಡಿಕೊಳ್ಳಲು ಬರುತ್ತದೆಯೇ, ನವಜಾತ ಶಿಶು ಪುನಶ್ಚೇತನದ ತರಬೇತಿ ಪತ್ರ ಇದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಬಿ.ಎಸ್ಸಿ. ಎಷ್ಟು ಶೇಕಡಾ ಎಂದು ಅವರು ಕೇಳುವುದೇ ಇಲ್ಲ.

ಇನ್ನು ಮೂಲ ಅಂಕಪಟ್ಟಿ ಕೇಳಿದ ಕಡೆಗೆ ಮತ್ತೆ ಹೋಗಬೇಡ. ಮೂಲ ಪ್ರತಿ ತೋರಿಸಿ, ನಕಲು ಕೊಟ್ಟು, ಅಲ್ಲಿಯೇ ವಾಪಸು ಪಡೆಯಬೇಕು. ನನ್ನ ಕೈಕೆಳಗಿದ್ದ ಹುಡುಗಿಯೊಬ್ಬಳು ಹಿಂದೆ ಎಲ್ಲಿಯೋ ಹಾಗೆ ಕೊಟ್ಟು, ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ಅಂಕಪಟ್ಟಿ ಕೈಗೆ ಸಿಗದೆ ಅತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಉತ್ತರ: ಸೀಸನ್ ಟಿಕೆಟ್

ಮೈಸೂರಿಗೆ ಓಡಾಡುವ ವಿಷಯವನ್ನು ನಾನು ಹೇಳಬಲ್ಲೆ, ಏಕೆಂದರೆ ಐದು ವರ್ಷ ಮಂಡ್ಯದಿಂದ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುಗೆ ಹೋಗಿ ಬಂದಿದ್ದೇನೆ. ಎರಡು ಊರುಗಳ ನಡುವೆ ಸುಮಾರು 45 ಕಿಲೋಮೀಟರ್. ಕೇಳಲು ಹತ್ತಿರ. ಆದರೆ ನರ್ಸ್ ಕೆಲಸಕ್ಕೆ ದೂರವನ್ನು ಅಳೆಯಬೇಕಾದದ್ದು ಪಾಳಿಯ ಗಂಟೆಗಳಿಂದ.

ಬೆಳಗಿನ ಪಾಳಿ ಎಂಟಕ್ಕೆ ಎಂದರೆ ಏಳೂ ಮುಕ್ಕಾಲಿಗೆ ಹಿಂದಿನ ಪಾಳಿಯವರಿಂದ ಹ್ಯಾಂಡ್ ಓವರ್ ತೆಗೆದುಕೊಳ್ಳಬೇಕು, ಅದಕ್ಕೆ ಮನೆಯಿಂದ ಆರಕ್ಕೆ ಹೊರಡಬೇಕು. ಇದನ್ನು ಮಾಡಬಹುದು. ರಾತ್ರಿ ಪಾಳಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ, ಅದು ನಿಜಕ್ಕೂ ಎಲ್ಲಕ್ಕಿಂತ ಸಲೀಸು, ಹೋಗುವಾಗಲೂ ಬರುವಾಗಲೂ ಬಸ್ಸು ರೈಲು ಇರುತ್ತವೆ. ಕೊಲ್ಲುವುದು ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರ ಪಾಳಿ. ಎಂಟಕ್ಕೆ ಬಿಡುತ್ತಾರೆ ಎನ್ನುವುದು ಕಾಗದದ ಮೇಲೆ ಮಾತ್ರ. ಒಂದು ಹೊಸ ಅಡ್ಮಿಷನ್ ಬಂದರೆ ಎಂಟೂ ಮುಕ್ಕಾಲು. ಆಮೇಲೆ ಬಸ್ ನಿಲ್ದಾಣಕ್ಕೆ ಬಂದು, ಮಂಡ್ಯ ಊರೊಳಗೆ ಹೋಗುವ ಬಸ್ಸನ್ನೇ ಹುಡುಕಬೇಕು. ಎಕ್ಸ್‌ಪ್ರೆಸ್‌ವೇ 2023ರಲ್ಲಿ ಆದ ಮೇಲೆ ತಡೆರಹಿತ ಬಸ್ಸುಗಳು ಬೈಪಾಸ್ ಹಿಡಿದು ಊರನ್ನು ಬಿಟ್ಟುಹೋಗುತ್ತವೆ. ಒಂದು ದಿನ ನಿದ್ದೆಗಣ್ಣಿನಲ್ಲಿ ಬೋರ್ಡ್ ನೋಡದೆ ಹತ್ತಿ, ಬೈಪಾಸಿನ ಕತ್ತಲಲ್ಲಿ ಇಳಿದು ಮನೆಯವರನ್ನು ಗಾಡಿ ತರಲು ಕರೆದಿದ್ದೇನೆ. ಅಂದಿನಿಂದ ಹತ್ತುವ ಮೊದಲು ಕಂಡಕ್ಟರನ್ನು "ಮಂಡ್ಯ ಸ್ಟ್ಯಾಂಡಿಗೆ ಹೋಗುತ್ತದೆಯೇ" ಎಂದು ಬಾಯಿಬಿಟ್ಟು ಕೇಳುವುದು ಅಭ್ಯಾಸವಾಯಿತು.

ಖರ್ಚಿನ ವಿಷಯದಲ್ಲಿ ಈಗ ಹೆಣ್ಣುಮಕ್ಕಳಿಗೆ ಅನುಕೂಲವಿದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿದರೆ ಶೂನ್ಯ ದರದ ಟಿಕೆಟ್. ಹಾಗೆಂದು ಬೆಳಿಗ್ಗೆ ಸೀಟು ಸಿಗುತ್ತದೆ ಎಂದು ತಿಳಿಯಬೇಡಿ. ನಾನಂತೂ ರೈಲನ್ನೇ ನೆಚ್ಚಿಕೊಂಡಿದ್ದೆ.

ಎರಡು ಸಲಹೆ ಕೊಡುತ್ತೇನೆ. ಮೊದಲನೆಯದು, ಮೈಸೂರಿನಲ್ಲಿ ಆಸ್ಪತ್ರೆ ಆರಿಸುವಾಗ ಅದು ಊರಿನ ಯಾವ ಕಡೆ ಇದೆ ಎಂದು ನೋಡಿ. ಬೆಂಗಳೂರು ರಸ್ತೆ ರಿಂಗ್ ರೋಡಿಗೆ ಕೂಡುವಲ್ಲಿ, ಜನ ಈಗಲೂ ಕೊಲಂಬಿಯಾ ಏಷ್ಯಾ ಎಂದೇ ಕರೆಯುವ ಮಣಿಪಾಲ್ ಆಸ್ಪತ್ರೆಯ ಸುತ್ತಮುತ್ತ ಕೆಲಸ ಸಿಕ್ಕರೆ ಊರೊಳಗೆ ಹೋಗುವ ಮೊದಲೇ ಇಳಿದುಬಿಡಬಹುದು. ಕುವೆಂಪುನಗರದ ಕಡೆಯ ಆಸ್ಪತ್ರೆಯಾದರೆ ನಿಲ್ದಾಣದಿಂದ ಇನ್ನೊಂದು ಸಿಟಿ ಬಸ್ಸು, ಮತ್ತೆ ಅರ್ಧ ಗಂಟೆ. ಎರಡನೆಯದು, ನಿಮ್ಮ ಅತ್ತೆಯವರು ಪಾಂಡವಪುರದಲ್ಲಿದ್ದಾರೆ ಎಂದಿರಿ. ಪಾಂಡವಪುರ ಇರುವುದು ಮಂಡ್ಯ ಮತ್ತು ಮೈಸೂರಿನ ನಡುವೆ, ರೈಲು ನಿಲ್ದಾಣವೂ ಇದೆ. ಊರಿಗೂ ನಿಲ್ದಾಣಕ್ಕೂ ನಡೆಯುವಷ್ಟು ಹತ್ತಿರವಿಲ್ಲ, ಗಾಡಿ ಇಟ್ಟುಕೊಳ್ಳಬೇಕು. ಅಲ್ಲಿ ಮನೆ ಮಾಡಿದರೆ ನಿಮ್ಮ ಯಜಮಾನರು ಮಂಡ್ಯದ ಕಡೆ, ನೀವು ಮೈಸೂರಿನ ಕಡೆ ಹೋಗಬಹುದು, ಮಗು ಅಜ್ಜಿಯ ಬಳಿ ಇರುತ್ತದೆ. ಅತ್ತೆಯವರ ಜೊತೆ ಹೊಂದಾಣಿಕೆ ಹೇಗಿದೆಯೋ ಅದು ನಿಮಗೆ ಬಿಟ್ಟದ್ದು. ನನಗೆ ಆ ಅನುಕೂಲವಿರಲಿಲ್ಲ. ಮಂಡ್ಯಕ್ಕಿಂತ ಒಂಬತ್ತು ಸಾವಿರ ಹೆಚ್ಚು ಬರುತ್ತಿತ್ತು, ಅದಕ್ಕಾಗಿ ದಿನಕ್ಕೆ ಮೂರೂವರೆ ಗಂಟೆ ದಾರಿಯಲ್ಲಿ ಕಳೆದೆ. ಮಗಳು ಒಂದನೇ ತರಗತಿಗೆ ಸೇರಿದ ವರ್ಷ ಬಿಟ್ಟುಬಿಟ್ಟೆ.

ಉತ್ತರ: ಪೋಸ್ಟಿಂಗ್ ಡೈರಿ

ಪಾಠ ಹೇಳುವ ಕೆಲಸದ ಬಗ್ಗೆ ಕೇಳಿದ್ದೀರಿ. ನಾನು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್ ಆಗಿದ್ದೇನೆ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಬಿ.ಎಸ್ಸಿ. ಜೊತೆಗೆ ಒಂದು ವರ್ಷದ ಅನುಭವವಿದ್ದವರು ಟ್ಯೂಟರ್ ಆಗಬಹುದು, ಎಂ.ಎಸ್ಸಿ. ಇದ್ದವರಿಗೆ ಆದ್ಯತೆ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬರು ಬೋಧಕರಿರಬೇಕು ಎಂಬ ನಿಯಮವೂ ಇರುವುದರಿಂದ ಕಾಲೇಜುಗಳಿಗೆ ಜನ ಬೇಕೇ ಬೇಕು. ರಾತ್ರಿ ಪಾಳಿ ಇಲ್ಲ, ಭಾನುವಾರ ರಜೆ, ಬೆಳಿಗ್ಗೆ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಮಧ್ಯಾಹ್ನ ತರಗತಿ ತೆಗೆದುಕೊಂಡರೆ ನಾಲ್ಕೂವರೆಗೆ ಮನೆ. ಚಿಕ್ಕ ಮಗುವಿರುವವರಿಗೆ ಇದಕ್ಕಿಂತ ಒಪ್ಪುವ ವೇಳೆ ಇನ್ನೊಂದಿಲ್ಲ.

ಆದರೆ ಬಿ.ಎಸ್ಸಿ. ಟ್ಯೂಟರ್‌ಗೆ ಕೊಡುವ ಸಂಬಳ ನಿಮಗೆ ನರ್ಸಿಂಗ್ ಹೋಂನಲ್ಲಿ ಹೇಳಿದ್ದಕ್ಕಿಂತ ಬಹಳ ಮೇಲಿರುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಶುಲ್ಕ ಬಂದ ಮೇಲೆಯೇ ನಮಗೆ ಸಂಬಳ ಎಂಬ ಪದ್ಧತಿ ಇತ್ತು. ಒಮ್ಮೆ ಜನವರಿಯ ಸಂಬಳ ಏಪ್ರಿಲ್‌ನಲ್ಲಿ ಬಂದಿತ್ತು. ಆದ್ದರಿಂದ ಸೇರುವ ಮೊದಲು ಪ್ರಾಂಶುಪಾಲರನ್ನು ಕೇಳಬೇಡಿ, ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಟ್ಯೂಟರ್ ಒಬ್ಬರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕೇಳಿ.

ಇನ್ನೊಂದು ಎಚ್ಚರಿಕೆಯನ್ನು ಕೊಡಲೇಬೇಕು. ಕಾಲೇಜಿನಲ್ಲಿ ನಿಯಮದಷ್ಟು ಬೋಧಕರಿದ್ದಾರೆಯೇ ಎಂದು ನೋಡುವ ಪರಿಶೀಲನೆಯ ತಂಡ ಬರುವ ಕಾಲಕ್ಕೆ, "ನೀವು ಕೆಲಸಕ್ಕೆ ಬರುವುದು ಬೇಡ, ಪರಿಶೀಲನೆಯ ದಿನ ಬಂದು ಕುಳಿತರೆ ಸಾಕು, ದಾಖಲೆಗಳನ್ನು ಮಾತ್ರ ಕೊಡಿ" ಎಂದು ಕೇಳಿಕೊಂಡು ಬರುವ ದಲ್ಲಾಳಿಗಳಿದ್ದಾರೆ. ವರ್ಷಕ್ಕೆ ಇಷ್ಟು ಎಂದು ದುಡ್ಡನ್ನೂ ಹೇಳುತ್ತಾರೆ. ನಿಮ್ಮ ನೋಂದಣಿ ಸಂಖ್ಯೆ ಒಂದು ಕಾಲೇಜಿನ ಪಟ್ಟಿಯಲ್ಲಿ ಕುಳಿತಿರುವಾಗ ನೀವು ಇನ್ನೊಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರೆ ನಾಳೆ ಉತ್ತರ ಕೊಡಬೇಕಾದವರು ನೀವು, ದಲ್ಲಾಳಿ ಫೋನು ತೆಗೆಯುವುದಿಲ್ಲ.

ಬೋಧನೆಯಲ್ಲಿ ನಿಜವಾಗಿ ಮುಂದುವರಿಯಬೇಕೆಂದಿದ್ದರೆ ಎರಡು ವರ್ಷದ ಎಂ.ಎಸ್ಸಿ. ಮಾಡಬೇಕು. ಅದಕ್ಕೆ ಬಿ.ಎಸ್ಸಿ. ನಂತರ ಒಂದು ವರ್ಷದ ಅನುಭವ ಬೇಕು, ಅದು ನಿಮಗಿದೆ. ಮಕ್ಕಳ ಆರೋಗ್ಯ ಶುಶ್ರೂಷೆಯ ವಿಭಾಗ ನಿಮಗೆ ಹೇಳಿ ಮಾಡಿಸಿದಂತಿದೆ. ಎಂ.ಎಸ್ಸಿ. ಮುಗಿಸಿ ಬರುವ ಬಹಳಷ್ಟು ಮಂದಿ ವಾರ್ಡಿನಲ್ಲಿ ನಿಂತು ಕೆಲಸ ಮಾಡಿದ್ದು ಕಡಿಮೆ. ಹುಟ್ಟಿದ ಮಗುವಿನ ಉಸಿರಾಟವನ್ನು ನೋಡಿ ಎದೆಗೂಡು ಒಳಕ್ಕೆ ಎಳೆಯುತ್ತಿದೆ ಎಂದು ಗುರುತಿಸುವುದನ್ನು ನಾಲ್ಕೂವರೆ ವರ್ಷ ನೋಡಿದವರು ಕಲಿಸುವ ರೀತಿಗೂ ಚಿತ್ರ ತೋರಿಸಿ ಕಲಿಸುವ ರೀತಿಗೂ ಇರುವ ವ್ಯತ್ಯಾಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ತಿಳಿಯುತ್ತದೆ.

ಉತ್ತರ: ಆದೇಶ ಪ್ರತಿ

ಮೇಡಂ, ಸರ್ಕಾರಿ ಹುದ್ದೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಾನು ಶುಶ್ರೂಷಾಧಿಕಾರಿಯಾಗಿ ಕೆಲಸ ಮಾಡುತ್ತಿದ್ದೇನೆ.

ನಿಮಗೆ 29 ಎಂದಿರಿ. ಕೇಂದ್ರ ಸರ್ಕಾರದ ಏಮ್ಸ್ ಸಂಸ್ಥೆಗಳು ನರ್ಸ್ ನೇಮಕಾತಿಗೆ ನಡೆಸುವ ನಾರ್ಸೆಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರ ವಯೋಮಿತಿ 30. ಕೇಂದ್ರದ ಪಟ್ಟಿಯಲ್ಲಿರುವ ಹಿಂದುಳಿದ ವರ್ಗಕ್ಕೆ ಸೇರಿದವರಾದರೆ ಮೂರು ವರ್ಷ, ಪರಿಶಿಷ್ಟರಾದರೆ ಐದು ವರ್ಷ ಸಡಿಲಿಕೆ ಇದೆ. ರಾಜ್ಯದ ಜಾತಿ ಪ್ರಮಾಣಪತ್ರ ಬೇರೆ, ಕೇಂದ್ರದ ನಮೂನೆಯದು ಬೇರೆ ಎಂಬುದನ್ನು ಕೊನೆಯ ದಿನ ತಿಳಿದು ನಾಡಕಚೇರಿಗೆ ಓಡಿದವರನ್ನು ಕಂಡಿದ್ದೇನೆ. ಬಿ.ಎಸ್ಸಿ.ಯವರಿಗೆ ಅನುಭವ ಬೇಕಿಲ್ಲ, ಜಿ.ಎನ್.ಎಂ.ನವರಿಗೆ ಐವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೇಳುತ್ತಾರೆ. ಮೂಲ ವೇತನ 44,900ರಿಂದ ಆರಂಭ. ಶೇಕಡಾ 80 ಹುದ್ದೆ ಮಹಿಳೆಯರಿಗೆ ಮೀಸಲು, ಅದರ ಬಗ್ಗೆ ನಾವು ಗಂಡಸರು ಗೊಣಗುವುದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಆಯ್ಕೆಯಾದರೆ ಕೆಲಸ ಮಂಡ್ಯದಲ್ಲಿ ಸಿಗುವುದಿಲ್ಲ, ದೂರದ ರಾಯ್‌ಬರೇಲಿಯೋ ದೇವಘರವೋ ಆಗಬಹುದು. ಕುಟುಂಬವನ್ನು ಒಂದೆಡೆ ಸೇರಿಸಲು ಹೊರಟವರಿಗೆ ಇದು ತಕ್ಕುದೇ ಎಂದು ಮೊದಲು ಮನೆಯಲ್ಲಿ ಮಾತನಾಡಿ.

ಜಿಲ್ಲೆಯೊಳಗೇ ಇರಬೇಕೆಂದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳಿವೆ. ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳು ಈ ಅಭಿಯಾನದ ಅಡಿಯಲ್ಲೇ ನಡೆಯುವುದರಿಂದ ನಿಮ್ಮ ಅನುಭವ ಅಲ್ಲಿ ನೇರವಾಗಿ ಹೊಂದುತ್ತದೆ. ಪ್ರಕಟಣೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘದಿಂದ ಬರುತ್ತದೆ, ಅರ್ಜಿಗೆ ಕೊಡುವ ದಿನಗಳು ಕಡಿಮೆ, ಆದ್ದರಿಂದ ಜಿಲ್ಲಾಡಳಿತದ ಜಾಲತಾಣವನ್ನು ವಾರಕ್ಕೊಮ್ಮೆ ನೋಡುತ್ತಿರಿ. ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೂ ಬಿ.ಎಸ್ಸಿ. ನರ್ಸಿಂಗ್ ಓದಿದವರನ್ನು ತೆಗೆದುಕೊಳ್ಳುತ್ತಾರೆ. ಅದು ಹಗಲಿನ ಕೆಲಸ, ಹಳ್ಳಿಯ ಕೆಲಸ, ಬಿ.ಪಿ., ಸಕ್ಕರೆ ಕಾಯಿಲೆ, ಬಾಣಂತಿಯರು, ಮೇಲಿಂದ ಮೇಲೆ ಮೊಬೈಲಿನಲ್ಲಿ ತುಂಬಬೇಕಾದ ವರದಿಗಳು. ಎನ್‌ಐಸಿಯುನಲ್ಲಿ ಕಲಿತದ್ದು ಅಲ್ಲಿ ತುಕ್ಕು ಹಿಡಿಯುತ್ತದೆ ಎಂಬುದು ನನ್ನ ಅನಿಸಿಕೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿಯೂ ಶುಶ್ರೂಷಕಿಯ ಹುದ್ದೆ ಇರುತ್ತದೆ, ಅದನ್ನೂ ಗಮನದಲ್ಲಿಡಿ.

ಖಾಸಗಿ ಸಂಬಳದ ಬಗ್ಗೆ ಒಂದು ಮಾತು. ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ಸೂಚನೆಯಂತೆ ರಚನೆಯಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲಿಯೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರು ಹಾಸಿಗೆ ಮೀರಿದ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿಯಿತು. ಆದರೂ ಮಾತುಕತೆಗೆ ಕುಳಿತಾಗ ಹದಿನೈದು ಎಂಬುದು ಹತ್ತು ವರ್ಷದ ಹಿಂದಿನ ಶಿಫಾರಸಿಗಿಂತಲೂ ಕೆಳಗಿದೆ ಎಂಬುದು ನಿಮಗೆ ತಿಳಿದಿರಲಿ.

ಉತ್ತರ: ಲೆಕ್ಕದ ಪುಸ್ತಕ

ಎಲ್ಲರೂ ಮುಂದಿನ ಕೆಲಸದ ಬಗ್ಗೆ ಹೇಳಿದ್ದಾರೆ, ಬಿಡುವ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಆಸ್ಪತ್ರೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಒಂದೇ ಸಂಸ್ಥೆಯಲ್ಲಿ ಐದು ವರ್ಷ ದಾಟಿರುವುದರಿಂದ ನಿಮಗೆ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕೊಡುವ ಹಣ ಬರಬೇಕು, ಹೆರಿಗೆ ರಜೆಯ ಅವಧಿಯೂ ಸೇವೆಯಲ್ಲಿ ಸೇರುತ್ತದೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಮೂಲ ವೇತನ, ತುಟ್ಟಿಭತ್ಯೆ ಎರಡೂ ಸೇರಿ 15,000 ಎಂದುಕೊಂಡರೂ ಆರು ವರ್ಷಕ್ಕೆ ಸುಮಾರು 51,900 ರೂಪಾಯಿ ಆಗುತ್ತದೆ. ಕೇಳದೆ ಹೋದವರಿಗೆ ತಾವಾಗಿಯೇ ಕರೆದು ಕೊಡುವವರು ವಿರಳ, ಆದ್ದರಿಂದ ರಾಜೀನಾಮೆಯ ಜೊತೆಗೇ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಭವಿಷ್ಯ ನಿಧಿಯನ್ನು ಹಿಂತೆಗೆಯಬೇಡಿ, ಹೊಸ ಕಡೆಗೆ ವರ್ಗಾಯಿಸಿ. ಹತ್ತು ವರ್ಷದ ಸೇವೆ ತುಂಬಿದರೆ ಪಿಂಚಣಿಗೆ ಅರ್ಹತೆ ಬರುತ್ತದೆ, ನಿಮಗೆ ಆರು ಆಗಿಹೋಗಿದೆ. ಹೊಸ ಕಡೆ ಭವಿಷ್ಯ ನಿಧಿಯೇ ಇಲ್ಲ ಎಂದರೆ ಅವರು ಹೇಳಿದ ಸಂಬಳದಿಂದ ಆ ಮೊತ್ತವನ್ನು ಮನಸ್ಸಿನಲ್ಲಿ ಕಳೆದು ನೋಡಿ. ಸಂಬಳ 21,000ದ ಒಳಗಿದ್ದರೆ ಇ.ಎಸ್.ಐ., ಅಂದರೆ ನೌಕರರ ಆರೋಗ್ಯ ವಿಮೆಗೆ ಕಡಿತವಾಗಬೇಕು. 18,000ಕ್ಕೆ ನಿಮ್ಮಿಂದ 135 ರೂಪಾಯಿ, ಆಸ್ಪತ್ರೆಯಿಂದ 585 ರೂಪಾಯಿ. ಬೇರೆಯವರಿಗೆ ಚಿಕಿತ್ಸೆ ಕೊಡುವವರು ತಮಗೇ ವಿಮೆ ಇಲ್ಲದೆ ಕೆಲಸ ಮಾಡುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮರುಉತ್ತರ: ರಾತ್ರಿಪಾಳಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಗ್ರಾಚ್ಯುಯಿಟಿಯ ವಿಷಯ ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ನಿನ್ನೆ ವೇತನ ಚೀಟಿ ತೆಗೆದು ನೋಡಿದೆ, ಮೂಲ ವೇತನ 16,200 ಇದೆ.

ಇನ್‌ಚಾರ್ಜ್ ಅಕ್ಕ ಹೇಳಿದಂತೆ ಒಂದು ಹಾಳೆ ಬರೆದೆ. ಬರೆಯುವಾಗಲೇ ನನಗೆ ಏನೇನು ಬರುತ್ತದೆ ಎಂಬುದು ನನಗೇ ಮೊದಲ ಬಾರಿ ಕಣ್ಣಿಗೆ ಬಿದ್ದಂತಾಯಿತು. ನಮ್ಮ ಘಟಕದ ಡಾಕ್ಟರಿಗೆ ಮಂಡ್ಯದ ಮಕ್ಕಳ ತಜ್ಞರೊಬ್ಬರ ಪರಿಚಯವಿತ್ತು, ಅವರ ಮೂಲಕ ಫೋನಿನಲ್ಲಿ ಮಾತನಾಡಿದೆ. ಅವರು ಸಂಬಳದ ಮಾತು ಆಮೇಲೆ ಆಡೋಣ, ಬರುವ ಶನಿವಾರ ಬಂದು ಎರಡು ಗಂಟೆ ಘಟಕದಲ್ಲಿ ನಿಂತು ನೋಡಿ, ನಾವೂ ನಿಮ್ಮನ್ನು ನೋಡುತ್ತೇವೆ ಎಂದರು. ರಾತ್ರಿ ಪಾಳಿ ವಾರಕ್ಕೆ ಎರಡೇ ಇರಲಿ ಎಂದು ಕೇಳಬಹುದೇ? ಐವತ್ತು ಜನ ಕೆಲಸಗಾರರಿರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿದೆ ಎಂದು ಓದಿದ್ದೇನೆ, ಅದನ್ನೂ ಕೇಳಬಹುದೇ ಅಥವಾ ಮೊದಲ ಭೇಟಿಯಲ್ಲೇ ಕಾನೂನು ಮಾತನಾಡಿದಂತೆ ಆಗುತ್ತದೆಯೇ?

ಉತ್ತರ: ಹಳೆಯ ಇನ್‌ಚಾರ್ಜ್

ಕಾನೂನಿನ ಮಾತು ಎರಡನೆಯ ಭೇಟಿಗೆ ಇರಲಿ. ಅಷ್ಟು ಜನ ಅಲ್ಲಿ ಇದ್ದಾರೆಯೇ ಎಂಬುದು ಮೊದಲು ಗೊತ್ತಾಗಲಿ. ನಾನು ಕೆಲಸ ಮಾಡಿದ ಕಡೆ ಶಿಶುಪಾಲನಾ ಕೊಠಡಿ ಎಂದರೆ ಲಿನನ್ ಕೋಣೆಯ ಮೂಲೆಯಲ್ಲಿ ಹಾಸಿದ ಒಂದು ಚಾಪೆ. ರಾತ್ರಿ ಪಾಳಿಯ ಮಾತನ್ನು ಮಾತ್ರ ಅಂದೇ ಕೇಳು, ಒಪ್ಪಿದರೆ ನೇಮಕ ಪತ್ರದಲ್ಲಿ ಬರೆಸಿಕೋ. ಬಾಯಿಮಾತಿನಲ್ಲಿ ಎರಡು ಎಂದದ್ದು ಯಾರೋ ರಜೆ ಹೋದ ವಾರ ನಾಲ್ಕಾಗುತ್ತದೆ.

ಶನಿವಾರ ಹೋದಾಗ ಎಷ್ಟು ವಾರ್ಮರ್ ಇವೆ, ಅವುಗಳಲ್ಲಿ ಎಷ್ಟರಲ್ಲಿ ಮಗು ಇದೆ ಎಂದು ಎಣಿಸು. ಗೋಡೆಯ ಮೇಲಿನ ಡ್ಯೂಟಿ ಪಟ್ಟಿಯಲ್ಲಿ ರಾತ್ರಿಗೆ ಎಷ್ಟು ಹೆಸರಿವೆ ಎಂದು ನೋಡು. ಎಂಟು ಮಕ್ಕಳಿಗೆ ಒಂದೇ ಹೆಸರಿದ್ದರೆ, ಅವರು ಎಷ್ಟು ಕೊಡುತ್ತೇನೆ ಎಂದರೂ ನಮಸ್ಕಾರ ಹೇಳಿ ಎದ್ದು ಬಾ. ಹಾಗೆಯೇ ಕೈ ತೊಳೆಯುವ ಸಿಂಕಿನ ಪಕ್ಕ ಸೋಪು ಇದೆಯೇ, ಒರೆಸಿಕೊಳ್ಳಲು ಏನಿಟ್ಟಿದ್ದಾರೆ ಎಂದೂ ನೋಡು. ಎಲ್ಲರೂ ಕೈ ಒರೆಸುವ ಒಂದೇ ಟವೆಲ್ ಅಲ್ಲಿ ನೇತಾಡುತ್ತಿದ್ದರೆ ನನಗೆ ಫೋಟೊ ಬೇಡ, ಸುದ್ದಿ ಸಾಕು.